ಸ್ಕ್ವೇರ್ ಡ್ಯಾನ್ಸ್‌ನಲ್ಲಿ ಪಳಗಿದವರು ಕಾಂಟ್ರಾದಲ್ಲಿ ಎಡವುವುದು ಯಾಕೆ?

ಪ್ರಶ್ನೆ: ನಾವು ಬೆಂಗಳೂರಿನವರು, ಈಗ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ನೆಲೆಸಿದ್ದೇವೆ. ನಾನೂ ನನ್ನ ಹೆಂಡತಿಯೂ ಹತ್ತು ವರ್ಷದಿಂದ ಇಲ್ಲಿನ ಒಂದು ಸ್ಕ್ವೇರ್ ಡ್ಯಾನ್ಸ್ ಕ್ಲಬ್ಬಿನಲ್ಲಿದ್ದೇವೆ. ಹೆಚ್ಚಿನ ಸದಸ್ಯರು ಅರವತ್ತು ದಾಟಿದವರು, ಎಲ್ಲರೂ ಪ್ಲಸ್ ಮಟ್ಟದವರು (ಮೇನ್‌ಸ್ಟ್ರೀಮ್ ಆದ ಮೇಲಿನ ಹಂತ). ಕಳೆದ ಚಳಿಗಾಲದಲ್ಲಿ ಎರಡು ಟಿಪ್‌ಗಳ, ಅಂದರೆ ಸ್ಕ್ವೇರ್ ಡ್ಯಾನ್ಸ್‌ನ ಎರಡು ಕಂತುಗಳ, ನಡುವೆ ಒಂದು ಕಾಂಟ್ರಾ ಮಾಡಿಸಿದೆವು. ಪೂರ್ತಿ ಕೆಟ್ಟುಹೋಯಿತು. ವಿಚಿತ್ರ ಅಂದರೆ ಆವತ್ತು ಬಂದಿದ್ದ ಹೊಸಬರು ಹೇಗೋ ಸಂಭಾಳಿಸಿದರು, ಹಳಬರೇ ಎಡವಿದರು. ಕೆಲವರಿಗೆ ತಲೆಸುತ್ತು ಬಂತು. ಕೆಲವರು "ಮಾಡಿದ್ದನ್ನೇ ಮಾಡೋದು, ಬೋರು" ಅಂದರು. ಒಬ್ಬರಂತೂ "ಇದು ಸ್ಕ್ವೇರ್ ಕಲಿಯೋಕೆ ಆಗದವರ ಡ್ಯಾನ್ಸ್" ಅಂದುಬಿಟ್ಟರು. ಈ ಸಲ ಮತ್ತೆ ಪ್ರಯತ್ನಿಸುವ ಜವಾಬ್ದಾರಿ ನನ್ನ ತಲೆಗೆ ಬಂದಿದೆ. ಹೇಗೆ ಪರಿಚಯಿಸಲಿ? ಸ್ಕ್ವೇರ್‌ನ ಪದಗಳನ್ನೇ ಬಳಸಬಹುದಾ? ರೆಕಾರ್ಡ್ ಮಾಡಿದ ಸಂಗೀತ ಸಾಕಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು "ಹಳಬರೇ ಎಡವಿದರು" ಅನ್ನುವ ಮಾತು. ನೀವು ಅದನ್ನು ವಿಚಿತ್ರ ಅಂದಿದ್ದೀರಿ. ಎರಡೂ ಡ್ಯಾನ್ಸ್‌ಗಳನ್ನು ಕರೆಯುವ ನನ್ನಂಥ ಕಾಲರ್‌ಗಳಿಗೆ ಇದು ಮಾಮೂಲು. ನಿಮ್ಮವರಿಗೆ ಕೌಶಲ ಕಡಿಮೆಯಾಗಿ ಹೀಗಾಗಿಲ್ಲ. ಅವರ ಕೌಶಲ ಬೇರೆ ಕೆಲಸಕ್ಕೆ ತಯಾರಾದದ್ದು, ಅದಕ್ಕೇ ಹೀಗಾಯಿತು.

ಈ ಎರಡನ್ನೂ ನೋಡಿಲ್ಲದ ಓದುಗರಿಗಾಗಿ ಒಂದೆರಡು ಮಾತು. ಸ್ಕ್ವೇರ್ ಡ್ಯಾನ್ಸ್‌ನಲ್ಲಿ ನಾಲ್ಕು ಜೋಡಿ ಚೌಕವಾಗಿ ನಿಲ್ಲುತ್ತವೆ. ಮುಂದೇನು ಮಾಡಬೇಕು ಅಂತ ಕಾಲರ್ ಮೈಕಿನಲ್ಲಿ ಹೇಳುತ್ತಾ ಹೋಗುತ್ತಾರೆ. ಆಡುವವರು ಕೇಳಿದ ತಕ್ಷಣ ಮಾಡುತ್ತಾರೆ. ಕಾಂಟ್ರಾದಲ್ಲಿ ಜನ ಎರಡು ಉದ್ದ ಸಾಲಾಗಿ ಎದುರುಬದುರು ನಿಲ್ಲುತ್ತಾರೆ. ಎರಡೆರಡು ಜೋಡಿ ಸೇರಿ ಒಂದು ವರಸೆ ಆಡುತ್ತವೆ. ಅದು ಮುಗಿಯುವಷ್ಟರಲ್ಲಿ ಪ್ರತಿ ಜೋಡಿಯೂ ಸಾಲಿನಲ್ಲಿ ಒಂದು ಸ್ಥಾನ ಸರಿದು ಹೊಸ ಜೋಡಿಯ ಎದುರು ಬಂದಿರುತ್ತದೆ. ಮತ್ತೆ ಅದೇ ವರಸೆ. ಹೀಗೆ ಹತ್ತು ನಿಮಿಷದ ತನಕ ನಡೆಯುತ್ತದೆ.

ಮೊದಲು "ಆಗದವರ ಡ್ಯಾನ್ಸ್" ಅನ್ನುವುದನ್ನು ಬದಿಗಿಡೋಣ. ನೀವಿರುವ ರಾಜ್ಯದಲ್ಲೇ ಈ ಮಾತು ಬಂತಲ್ಲ, ಅದೇ ತಮಾಷೆ. ಬೇರೆ ಕಡೆ ಕಾಂಟ್ರಾ ಹೆಚ್ಚುಕಮ್ಮಿ ಮರೆತುಹೋಗಿದ್ದಾಗ ಅದನ್ನು ಉಳಿಸಿಕೊಂಡದ್ದು ಅಮೆರಿಕದ ಈಶಾನ್ಯದ ನ್ಯೂ ಇಂಗ್ಲೆಂಡ್, ಅದರಲ್ಲೂ ನ್ಯೂ ಹ್ಯಾಂಪ್‌ಶೈರ್. ಅಲ್ಲಿನ ರಾಲ್ಫ್ ಪೇಜ್ ಕಾಂಟ್ರಾಗಳಿಗೆ ಹೆಸರಾದ ಕಾಲರ್. ಆದರೆ ಒಂದೇ ಸಂಜೆಯಲ್ಲಿ ಸ್ಕ್ವೇರ್ ಡ್ಯಾನ್ಸ್‌ಗಳನ್ನೂ ಕರೆಯುತ್ತಿದ್ದರು. ಆಮೇಲೆ 1960 ಮತ್ತು 70ರ ದಶಕಗಳಲ್ಲಿ ಅದೇ ರಾಜ್ಯದ ಕ್ಯಾಂಟರ್ಬರಿಯ ಡಡ್ಲಿ ಲಾಫ್‌ಮನ್ ಅದನ್ನು ಹೊಸ ತಲೆಮಾರಿನ ಯುವಕರಿಗೆ ದಾಟಿಸಿದರು. ಅವರಿಗೆ 2009ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರೆ ಫೆಲೋಶಿಪ್ ಬಂತು. ಹಳೆಯ ಊರ ಸಂಜೆಗಳಲ್ಲಿ ಇವೆರಡು ಬೇರೆ ಬೇರೆ ಹವ್ಯಾಸಗಳೇ ಆಗಿರಲಿಲ್ಲ.

ಬೇರೆಯಾದದ್ದು ಆಮೇಲೆ. ಕೊಲೊರಾಡೊದ ಲಾಯ್ಡ್ ಷಾ ಎಂಬ ಶಾಲಾ ಮುಖ್ಯಸ್ಥರು ಪಶ್ಚಿಮದ ಸ್ಕ್ವೇರ್‌ಗಳನ್ನು ಸಂಗ್ರಹಿಸಿ, 1939ರಲ್ಲಿ ಪುಸ್ತಕ ಮಾಡಿ, ಬೇಸಿಗೆ ತರಗತಿಗಳಲ್ಲಿ ಕಾಲರ್‌ಗಳಿಗೆ ಕಲಿಸಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮೈಕು, ಗ್ರಾಮಫೋನ್ ರೆಕಾರ್ಡು, ವಾರದ ತರಗತಿ, ಕ್ಲಬ್ಬು ಎಲ್ಲ ಬಂದವು. ಹೊಸ ಹೊಸ ಕಾಲ್‌ಗಳು (ಕಾಲರ್ ಕೂಗಿ ಹೇಳುವ ಚಲನೆಗಳು) ಎಷ್ಟು ಹುಟ್ಟಿಕೊಂಡವು ಅಂದರೆ ಒಂದು ಊರಿನಲ್ಲಿ ಕಲಿತವರು ಇನ್ನೊಂದು ಊರಿನಲ್ಲಿ ಆಡುವುದೇ ಕಷ್ಟವಾಯಿತು. 1974ರಲ್ಲಿ ಮೊದಲ ಸಮಾವೇಶ ನಡೆಸಿದ ಕಾಲರ್‌ಲ್ಯಾಬ್ ಎಂಬ ಕಾಲರ್‌ಗಳ ಸಂಘ ಇದಕ್ಕೆ ಶಿಸ್ತು ತಂದಿತು. ನಿಮ್ಮ ಮೇನ್‌ಸ್ಟ್ರೀಮ್, ಪ್ಲಸ್ ಮಟ್ಟಗಳು ಆ ಶಿಸ್ತಿನ ಫಲ. ಅಂದರೆ ಆಧುನಿಕ ಸ್ಕ್ವೇರ್ ಡ್ಯಾನ್ಸ್ ಬೆಳೆದದ್ದು ಶಬ್ದಭಂಡಾರದ ದಿಕ್ಕಿನಲ್ಲಿ. ಕಾಂಟ್ರಾದ ಶಬ್ದಭಂಡಾರ ಚಿಕ್ಕದು. ಒಂದೆರಡು ಡಜನ್ ಚಲನೆ ಬಂದರೆ ಇಡೀ ಸಂಜೆ ಕಳೆಯಬಹುದು. ಪ್ಲಸ್ ಬಂದವರಿಗೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆಗಲೇ ಗೊತ್ತು.

ಹಾಗಿದ್ದರೆ ಯಾಕೆ ಕೆಟ್ಟಿತು?

ನಿಮ್ಮ ಕ್ಲಬ್ಬಿನವರು ಕಿವಿಯನ್ನು ಕಾಲರ್‌ಗೆ ಕೊಟ್ಟಿದ್ದಾರೆ. ಮಾತು ಕಿವಿಗೆ ಬಿದ್ದ ಕೂಡಲೇ ಕಾಲು ಹೊರಡಬೇಕು. ಹತ್ತು ವರ್ಷದ ಅಭ್ಯಾಸ ಅದು, ಸ್ಕ್ವೇರ್‌ನಲ್ಲಿ ಅದೇ ಸರಿ. ಕಾಂಟ್ರಾದಲ್ಲಿ ಕಾಲರ್ ಮಾತನ್ನು ಎರಡು ಮೂರು ಬಡಿತ ಮುಂಚೆಯೇ ಹೇಳಿ ಮುಗಿಸುತ್ತಾರೆ. ಹೊರಡಬೇಕಾದದ್ದು ಸಂಗೀತದ ಮುಂದಿನ ಸಾಲಿನ ಮೊದಲ ಬಡಿತಕ್ಕೆ. ಹೊಸಬರು ತಡವರಿಸಿ, ಅಕ್ಕಪಕ್ಕ ನೋಡಿ, ನಿಧಾನವಾಗಿ ಹೊರಟರು. ಸರಿಯಾಗಿ ಆ ಬಡಿತಕ್ಕೇ ಬಂದು ನಿಂತರು. ಹಳಬರು ಕೇಳಿದ ಕೂಡಲೇ ಹೊರಟು ಎರಡು ಮೂರು ಬಡಿತ ಮುಂದೆ ಓಡಿಬಿಟ್ಟರು. ಡೋಸಿಡೋಗೆ (ಎದುರಿನವರನ್ನು ಬೆನ್ನಿಗೆ ಬೆನ್ನಾಗಿ ಸುತ್ತಿ ಬರುವುದು) ಕಾಂಟ್ರಾದಲ್ಲಿ ಎಂಟು ಬಡಿತ. ನಿಮ್ಮವರು ಆರಕ್ಕೇ ಮುಗಿಸಿ, ಮುಂದೇನು ಅಂತ ಕಾಲರ್ ಮುಖ ನೋಡುತ್ತಾ ನಿಂತಿರುತ್ತಾರೆ. ಎದುರಿನ ಜೋಡಿ ಇನ್ನೂ ಬಂದಿರುವುದಿಲ್ಲ. ಅಲ್ಲಿಂದ ಗೊಂದಲ ಶುರು.

ಸಂಗೀತ ಕಲಿತ ಕನ್ನಡಿಗರಿಗೆ ಇದನ್ನು ಹೇಳುವುದು ಸುಲಭ. ಕಾಂಟ್ರಾದ ಒಂದು ಸುತ್ತು 64 ಬಡಿತ, ಅಂದರೆ ಆದಿತಾಳದ ಎಂಟು ಆವರ್ತ. ಒಂದೊಂದು ಚಲನೆಗೆ ಹೆಚ್ಚಾಗಿ ಒಂದು ಅಥವಾ ಎರಡು ಆವರ್ತ. ಸಾಹಿತ್ಯ ಬೇಗ ಮುಗಿಯಿತು ಅಂತ ಯಾರೂ ಸಮಕ್ಕೆ ಮುಂಚೆ ಮುಂದಿನ ಸಾಲು ಎತ್ತುವುದಿಲ್ಲ, ಅಲ್ವಾ? ಇಲ್ಲೂ ಹಾಗೇ. ಟ್ಯೂನಿಗೆ ಎರಡು ಭಾಗ, ಎ ಮತ್ತು ಬಿ. ಎರಡನ್ನೂ ಎರಡೆರಡು ಸಲ ನುಡಿಸುತ್ತಾರೆ. ಒಂದೊಂದಕ್ಕೆ 16 ಬಡಿತ. ನಿಮಿಷಕ್ಕೆ 116 ಬಡಿತದ ವೇಗದಲ್ಲಿ ಇಡೀ ಸುತ್ತು ಸುಮಾರು 33 ಸೆಕೆಂಡಿನಲ್ಲಿ ಮುಗಿಯುತ್ತದೆ.

ನಿಮ್ಮವರಿಗೆ ಇದು ಪೂರ್ತಿ ಹೊಸದೂ ಅಲ್ಲ. ಟಿಪ್‌ನ ಎರಡನೇ ಅರ್ಧದಲ್ಲಿ ಬರುವ, ಕಾಲರ್ ಹಾಡುತ್ತಲೇ ಕರೆಯುವ ಸಿಂಗಿಂಗ್ ಕಾಲ್ ನೆನಪಿಸಿಕೊಳ್ಳಿ. ಅದರಲ್ಲೂ ಒಂದೊಂದು ಸುತ್ತು 64 ಬಡಿತವೇ. ಅಂಥ ಸುತ್ತು ಏಳು ಬರುತ್ತವೆ, ಅವುಗಳಲ್ಲಿ ನಾಲ್ಕರಲ್ಲಿ ಜೊತೆಗಾರರು ಬದಲಾಗುತ್ತಾರೆ, ಕೊನೆಗೆ ಮನೆಗೆ, ಅಂದರೆ ಶುರುವಿನ ಜಾಗಕ್ಕೆ, ಬರುತ್ತೀರಿ. "ನೀವು ವಾರವಾರ ಮಾಡುವ ಸಿಂಗಿಂಗ್ ಕಾಲ್ ಇದು, ಆದರೆ ಚೌಕದ ಬದಲು ಉದ್ದ ಸಾಲಿನಲ್ಲಿ" ಅಂತ ನಾನು ಶುರುಮಾಡುತ್ತೇನೆ. ಈ ಒಂದು ವಾಕ್ಯಕ್ಕೇ ಅರ್ಧ ಜನರ ಬಿಗುಮಾನ ಇಳಿಯುತ್ತದೆ.

ಸಾಲು ಕಟ್ಟುವುದಕ್ಕೂ ಅವರ ಭಾಷೆಯೇ ಸಾಕು. ಚೌಕದಲ್ಲಿ ನಿಲ್ಲಿಸಿ, "ಹೆಡ್ಸ್ ಲೀಡ್ ರೈಟ್" ಅನ್ನಿ. ಒಂದು ಮತ್ತು ಮೂರನೇ ಜೋಡಿ ಬಲಕ್ಕೆ ಹೋಗಿ ಪಕ್ಕದ ಜೋಡಿಗಳ ಎದುರು ನಿಲ್ಲುತ್ತವೆ. ಅಷ್ಟೇ, ಅದು ನಾಲ್ಕು ಜೋಡಿಯ ಕಾಂಟ್ರಾ ಸಾಲು. ಹೀಗೆ ಮೂರು ಚೌಕಗಳನ್ನು ಉದ್ದಕ್ಕೆ ಜೋಡಿಸಿದರೆ ಹನ್ನೆರಡು ಜೋಡಿಯ ಚಂದದ ಸಾಲು ಸಿಗುತ್ತದೆ. ಈಗ "ಪಾಸ್ ಥ್ರೂ" (ಎದುರಿನವರನ್ನು ದಾಟಿ ಮುಂದೆ ಹೋಗುವುದು) ಅನ್ನಿ. ನಡುವಿನವರ ಎದುರು ಹೊಸ ಜೋಡಿಗಳು ಬಂದಿರುತ್ತವೆ, ಎರಡೂ ತುದಿಯ ಜೋಡಿಗಳು ಹೊರಗೆ ಮುಖ ಮಾಡಿರುತ್ತವೆ. ಪ್ಲಸ್ ಆಡುವವರು ಈ ಆಕಾರ ನೋಡಿದ ಕೂಡಲೇ "ಓ, ಟ್ರೇಡ್ ಬೈ!" ಅನ್ನುತ್ತಾರೆ. ತುದಿಯವರು ಪಾರ್ಟ್ನರ್ ಟ್ರೇಡ್ ಮಾಡಿ, ಅಂದರೆ ಜೊತೆಗಾರರೊಂದಿಗೆ ಜಾಗ ಬದಲಿಸಿ, ಒಳಗೆ ತಿರುಗಬೇಕು, ಒಂದು ಸುತ್ತು ಸುಮ್ನೆ ನಿಂತು ಕಾಯಬೇಕು. ಕಾಂಟ್ರಾದಲ್ಲಿ ಹೊಸಬರನ್ನು ಅತಿ ಹೆಚ್ಚು ಗೋಳಾಡಿಸುವುದು ಸಾಲಿನ ತುದಿ. ನಿಮ್ಮವರಿಗೆ ಅದು ಎರಡು ನಿಮಿಷದ ಪಾಠ. ಇಲ್ಲಿ ಅನುಭವ ಪೂರ್ತಿ ನಿಮ್ಮ ಪರವಾಗಿದೆ.

ಇನ್ನು ತಲೆಸುತ್ತು. ಸ್ಕ್ವೇರ್‌ನಲ್ಲಿ ಸ್ವಿಂಗ್ (ಇಬ್ಬರು ಹಿಡಿದುಕೊಂಡು ತಿರುಗುವುದು) ಅಂದರೆ ಒಂದು ಸುತ್ತು, ಮುಂದಕ್ಕೆ. ಕಾಂಟ್ರಾದಲ್ಲಿ ಎಂಟು, ಹನ್ನೆರಡು, ಕೆಲವು ಸಲ ಹದಿನಾರು ಬಡಿತದ ತನಕ ತಿರುಗುತ್ತಲೇ ಇರಬೇಕು. ಆಮೇಲೆ ಇನ್ನೊಬ್ಬರ ಜೊತೆ ಮತ್ತೆ ಅದೇ. ಇದನ್ನು ಕಲಿಸದೆ ಆಡಿಸಿದರೆ ತಲೆ ಸುತ್ತದೆ ಇನ್ನೇನಾಗುತ್ತದೆ? ಹೋದ ಸಲ ಇದನ್ನು ಬಿಡಿಸಿ ಹೇಳಿಕೊಟ್ಟಿರಲಿಕ್ಕಿಲ್ಲ, ಯಾಕೆಂದರೆ "ಸ್ವಿಂಗ್ ನಮಗೆ ಗೊತ್ತಲ್ಲ" ಅಂತ ಎಲ್ಲರೂ ಅಂದುಕೊಳ್ಳುತ್ತಾರೆ.

ಹತ್ತು ನಿಮಿಷ ಇದಕ್ಕೇ ಇಡಿ. ಇಬ್ಬರೂ ಬಲಪಾದಗಳನ್ನು ಅಕ್ಕಪಕ್ಕ ಹತ್ತಿರ ಇಟ್ಟು, ಎಡಗಾಲಿನಿಂದ ನೆಲವನ್ನು ತಳ್ಳುತ್ತಾ ತಿರುಗುವುದು ಬಝ್ ಸ್ಟೆಪ್. ಬೆನ್ನು ನೇರ ಇರಲಿ. ಭಾರವನ್ನು ಸ್ವಲ್ಪವೇ ಹಿಂದಕ್ಕೆ ಬಿಟ್ಟು ಇಬ್ಬರೂ ಸಮವಾಗಿ ಹಂಚಿಕೊಳ್ಳಬೇಕು. ಎದುರಿನವರ ತೋಳಿಗೆ ಜೋತುಬೀಳುವುದು ಬೇರೆ, ಇದು ಬೇರೆ. ಜೋತುಬಿದ್ದರೆ ಮಾರನೇ ದಿನ ಆ ಮನುಷ್ಯನ ಬೆನ್ನು ಹಿಡಿದುಕೊಳ್ಳುತ್ತದೆ. ಗೋಡೆ, ಕಿಟಕಿ ನೋಡಿದರೆ ತಲೆ ತಿರುಗುತ್ತದೆ. ಎದುರಿನವರ ಮುಖ ನೋಡಿದರೆ ಕಡಿಮೆಯಾಗುತ್ತದೆ, ಯಾಕೆಂದರೆ ಕಣ್ಣಿಗೆ ಅದೊಂದೇ ಅಲುಗಾಡದ ವಸ್ತು. ಪರಿಚಯವಿಲ್ಲದವರ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ನಮ್ಮವರಿಗೆ ಸ್ವಲ್ಪ ಮುಜುಗರ, ಅಮೆರಿಕನ್ನರಲ್ಲೂ ಬಹಳ ಮಂದಿಗೆ ಹಾಗೇ. ಕಿವಿಯನ್ನೋ ಹಣೆಯನ್ನೋ ನೋಡಿದರೂ ಕೆಲಸ ನಡೆಯುತ್ತದೆ. ಕೊನೆಯ ಎರಡು ಬಡಿತಕ್ಕೆ ವೇಗ ಇಳಿಸಿ, ಬಿಚ್ಚಿಕೊಂಡು, ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು.

ಮೊಣಕಾಲು ನೋವಿರುವವರಿಗೆ, ತಲೆಸುತ್ತಿನ ಕಾಯಿಲೆ ಇರುವವರಿಗೆ ಬಝ್ ಸ್ಟೆಪ್ ಬೇಡ. ನಡೆಯುತ್ತಾ ತಿರುಗುವ ಸ್ವಿಂಗ್ ಇದೆ, ಅದೂ ಸರಿಯಾದ ಸ್ವಿಂಗೇ. ಇದನ್ನು ಮೈಕಿನಲ್ಲಿ ಎಲ್ಲರೆದುರು ಹೇಳಿಬಿಡಿ, "ಯಾರಿಗೆ ಬೇಕೋ ಅವರು ನಡೆದು ತಿರುಗಿ" ಅಂತ. ಆಗ ಯಾರೂ ನಾಚಿಕೆಪಟ್ಟುಕೊಂಡು ಮೌನವಾಗಿ ನರಳುವುದಿಲ್ಲ. "ನನ್ನನ್ನು ನಿಧಾನ ತಿರುಗಿಸಿ", "ಕೈ ಎತ್ತಿ ತಿರುಗಿಸಬೇಡಿ, ಭುಜ ನೋವು" ಅಂತ ಜೊತೆಗಾರರಿಗೆ ಹೇಳುವುದನ್ನೂ ಅಭ್ಯಾಸ ಮಾಡಿಸಿ.

ಪದಗಳ ಬಗ್ಗೆ ಕೇಳಿದ್ದೀರಿ. ಸ್ಕ್ವೇರ್‌ನ ಪದಗಳನ್ನು ಆಕಾರ ವಿವರಿಸುವುದಕ್ಕೆ ಧಾರಾಳವಾಗಿ ಬಳಸಿ. ಆದರೆ ಹಿಡಿತ ಬೇರೆಯಾಗುವ ಕಡೆ ನಿಲ್ಲಿಸಿ ತೋರಿಸಿ. ಅಲಮಾಂಡ್‌ಗೆ (ಕೈ ಹಿಡಿದು ಒಬ್ಬರನ್ನೊಬ್ಬರು ಸುತ್ತುವುದು) ನಿಮ್ಮವರು ಮುಂದೋಳು ಹಿಡಿಯುತ್ತಾರೆ, ಕಾಂಟ್ರಾದಲ್ಲಿ ಮೊಣಕೈ ಮಡಿಸಿ ಅಂಗೈಗೆ ಅಂಗೈ. ಸ್ಟಾರ್‌ಗೆ (ನಾಲ್ವರು ನಡುವೆ ಕೈ ಸೇರಿಸಿ ಸುತ್ತುವುದು) ನಿಮ್ಮಲ್ಲಿ ಅಂಗೈಗಳನ್ನು ಮೇಲೆ ಜೋಡಿಸುತ್ತೀರಿ, ಕಾಂಟ್ರಾದಲ್ಲಿ ಸಾಮಾನ್ಯವಾಗಿ ಮುಂದಿನವರ ಮಣಿಕಟ್ಟು ಹಿಡಿಯುತ್ತಾರೆ. ಬ್ಯಾಲೆನ್ಸ್ ನಿಮ್ಮವರಿಗೆ ಅಷ್ಟಾಗಿ ಅಭ್ಯಾಸವಿರುವುದಿಲ್ಲ. ಮುಂದೆ ಹೆಜ್ಜೆಯಿಟ್ಟು ಹಿಂದೆ ಬರುವ, ನಾಲ್ಕು ಬಡಿತದ ಆ ಚಿಕ್ಕ ಚಲನೆಯಲ್ಲಿ ಇಡೀ ಹಾಲ್ ಒಟ್ಟಿಗೆ ನೆಲ ಕುಟ್ಟಿದಾಗ ಸಂಗೀತದ ಸಾಲು ಎಲ್ಲಿ ಶುರುವಾಗುತ್ತದೆ ಅನ್ನುವುದು ಕಾಲಿಗೇ ಗೊತ್ತಾಗುತ್ತದೆ. ಅದಕ್ಕೇ ಬ್ಯಾಲೆನ್ಸ್ ಇರುವ ವರಸೆಯನ್ನೇ ಮೊದಲು ಆರಿಸಿ.

ಗಂಡಸು, ಹೆಂಗಸು ಅನ್ನುವ ಬದಲು ಈಗ ಬಹಳ ಕಡೆ ಲಾರ್ಕ್, ರಾಬಿನ್ ಅನ್ನುತ್ತಾರೆ. ಲಾರ್ಕ್ ಎಡಕ್ಕೆ, ರಾಬಿನ್ ಬಲಕ್ಕೆ. ನಿಮ್ಮ ಊರಿನ ಹತ್ತಿರದ ಕಾಂಟ್ರಾದಲ್ಲಿ ಏನು ಬಳಸುತ್ತಾರೋ ಅದನ್ನೇ ಕಲಿಸಿ, ಇಲ್ಲದಿದ್ದರೆ ನಿಮ್ಮವರು ಅಲ್ಲಿಗೆ ಹೋದಾಗ ಮತ್ತೆ ಕಕ್ಕಾಬಿಕ್ಕಿಯಾಗುತ್ತಾರೆ. ಇದರ ಮೇಲೆ ಹಾಲ್‌ನಲ್ಲಿ ಚರ್ಚೆ ಶುರುವಾದರೆ ಚಹಾ ವಿರಾಮಕ್ಕೆ ತಳ್ಳಿಬಿಡಿ.

ಮೊದಲ ದಿನಕ್ಕೆ ನಾನು ಕಟ್ಟುವ ವರಸೆ ಹೀಗಿರುತ್ತದೆ. ಮೊದಲ ಎ: ಎದುರಿಗೆ ಬಂದವರ ಜೊತೆ ಬ್ಯಾಲೆನ್ಸ್, ಸ್ವಿಂಗ್. ಎರಡನೇ ಎ: ನಾಲ್ವರೂ ಕೈಹಿಡಿದು ಎಡಕ್ಕೆ ಮುಕ್ಕಾಲು ಸುತ್ತು, ಸ್ವಂತ ಜೊತೆಗಾರರ ಜೊತೆ ಸ್ವಿಂಗ್. ಮೊದಲ ಬಿ: ಉದ್ದ ಸಾಲುಗಳು ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹಿಂದೆ, ಆಮೇಲೆ ಲೇಡೀಸ್ ಚೈನ್ (ರಾಬಿನ್‌ಗಳು ದಾಟುತ್ತಾರೆ). ಎರಡನೇ ಬಿ: ಎಡಗೈ ಸ್ಟಾರ್ ಒಂದು ಪೂರ್ತಿ ಸುತ್ತು, ಹೊಸದಾಗಿ ಎದುರು ಬಂದವರ ಜೊತೆ ಡೋಸಿಡೋ. ಇದರಲ್ಲಿ ನಿಮ್ಮವರಿಗೆ ಗೊತ್ತಿಲ್ಲದ ಆಕಾರ ಒಂದೂ ಇಲ್ಲ. ತಲೆಗೆ ಕೆಲಸ ಕಡಿಮೆ ಆದ್ದರಿಂದ ಕಿವಿ ಸಂಗೀತದ ಕಡೆ ಹೋಗುತ್ತದೆ. "ಅನುಭವಿಗಳು ತಾನೇ" ಅಂತ ಕಷ್ಟದ ವರಸೆ ಆರಿಸಿದರೆ ಅವರು ಮತ್ತೆ ಒಗಟು ಬಿಡಿಸಲು ಕೂರುತ್ತಾರೆ. ಆ ಚಪಲ ಅವರಿಗೆ ಇದ್ದೇ ಇದೆ! ನಾಲ್ವರು ಹೆಣೆದುಕೊಂಡು ಸಾಗುವ 'ಹೇ' ಅನ್ನುವ ಚಲನೆಯನ್ನು ಸಂಜೆಯ ಕೊನೆಗೆ ಇಟ್ಟುಕೊಳ್ಳಿ, ಅದು ಇವರಿಗೆ ಬಲು ಇಷ್ಟವಾಗುತ್ತದೆ.

ಆಡಿಸುವ ಮುಂಚೆ ಒಂದು ಚಿಕ್ಕ ಅಭ್ಯಾಸ. ಸಂಗೀತ ಹಾಕಿ, ಬಾಯಿಮುಚ್ಚಿಕೊಂಡು, ಉದ್ದ ಸಾಲುಗಳನ್ನು ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹಿಂದೆ ನಡೆಸಿ. ಒಂದು ಕಾಲ್ ಕೂಡ ಬೇಡ. ಮೊದಲ ಎರಡು ಸಲ ಅರ್ಧ ಜನ ಮುಂಚೆಯೇ ಹೊರಡುತ್ತಾರೆ, ಆಮೇಲೆ ನಗುತ್ತಾ ತಿದ್ದಿಕೊಳ್ಳುತ್ತಾರೆ. ಬೈದು ಕಲಿಸಬೇಕಾದ ಪಾಠವನ್ನು ಸಂಗೀತವೇ ಕಲಿಸುತ್ತದೆ.

ಎರಡು ಎಚ್ಚರಿಕೆಗಳನ್ನೂ ಮೊದಲೇ ಹೇಳಿಬಿಡಿ. ಕೆಲವು ಸುತ್ತು ಆದ ಮೇಲೆ ಕಾಲರ್ ಕರೆಯುವುದನ್ನು ನಿಲ್ಲಿಸುತ್ತಾರೆ. ಸ್ಕ್ವೇರ್‌ನವರಿಗೆ ಕಾಲರ್ ಸುಮ್ಮನಾದರೆ ಗಾಬರಿ, ಮೈಕು ಕೆಟ್ಟಿತೋ ಏನೋ ಅನ್ನುವ ಹಾಗೆ. ಇಲ್ಲಿ ಸಂತೋಷ ಶುರುವಾಗುವುದೇ ಆಗ. "ಬೋರು" ಅಂದವರಿಗೂ ಇದೇ ಉತ್ತರ. ಮುಂದೇನು ಬರುತ್ತದೋ ಅನ್ನುವ ಕುತೂಹಲ ಸ್ಕ್ವೇರ್‌ನ ರುಚಿ. ಮುಂದೇನು ಅಂತ ಗೊತ್ತಿದ್ದಾಗ ಪ್ರತಿ ಹೊಸ ಜೊತೆಗಾರರ ಜೊತೆ ಅದನ್ನು ಹೇಗೆ ಆಡುತ್ತೇವೆ ಅನ್ನುವುದು ಕಾಂಟ್ರಾದ ರುಚಿ. ಎಲ್ಲರಿಗೂ ಎರಡೂ ಹಿಡಿಸಬೇಕು ಅಂತೇನಿಲ್ಲ. ಒಗಟಿಗಾಗಿಯೇ ಬರುವವರು ನಿಮ್ಮಲ್ಲಿ ಕೆಲವರು ಇರುತ್ತಾರೆ, ಅವರನ್ನು ಬಲವಂತ ಮಾಡಬೇಡಿ.

ಎರಡನೆಯದು, ತಪ್ಪಾದಾಗ ಏನು ಮಾಡಬೇಕು ಅನ್ನುವುದು. ಸ್ಕ್ವೇರ್ ಮುರಿದರೆ ಮನೆಗೆ ಹೋಗಿ ನಿಂತು ಕಾಯುವ ಅಭ್ಯಾಸ ನಿಮಗಿದೆ. ಸಾಲಿನಲ್ಲಿ ಹಾಗೆ ನಿಂತರೆ ಮೇಲಿನಿಂದ, ಕೆಳಗಿನಿಂದ ಬರುವವರೆಲ್ಲ ಬಂದು ಡಿಕ್ಕಿ ಹೊಡೆಯುತ್ತಾರೆ. ತಪ್ಪಿದ್ದನ್ನು ಅಲ್ಲೇ ಬಿಟ್ಟು, ಜೊತೆಗಾರರ ಕೈ ಹಿಡಿದು, ಮುಂದಿನ ಜೋಡಿಯ ಎದುರು ಹೋಗಿ ನಿಲ್ಲಬೇಕು. ಅರ್ಧ ನಿಮಿಷದಲ್ಲಿ ಎಲ್ಲ ಮೊದಲಿನಿಂದ ಶುರುವಾಗುತ್ತದೆ.

ಹೇಗೆ ಪರಿಚಯಿಸುವುದು ಅನ್ನುವುದಕ್ಕೆ ನಿಮ್ಮ ಮುಂದೆ ಕೆಲವು ದಾರಿಗಳಿವೆ. ಹೋದ ಸಲ ಮಾಡಿದ ಹಾಗೆ ಟಿಪ್‌ಗಳ ನಡುವೆ ಒಂದು ಕಾಂಟ್ರಾ ಹಾಕುವುದು ಅಗ್ಗ, ಯಾರಿಗೂ ಹೆದರಿಕೆಯಿಲ್ಲ. ಆದರೆ ಕಲಿಸಲು ಸಮಯ ಸಿಗುವುದಿಲ್ಲ, ಅರ್ಧ ಜನ ನೀರು ಕುಡಿಯಲು ಹೋಗುತ್ತಾರೆ. ಸ್ಕ್ವೇರ್ ಕ್ಲಬ್ಬುಗಳಲ್ಲೇ ಬೆಳೆದ ಇನ್ನೊಂದು ಬಗೆ ಇದೆ. ರೆಕಾರ್ಡ್ ಸಂಗೀತಕ್ಕೆ, ಸ್ಕ್ವೇರ್‌ನ ಕಾಲ್‌ಗಳಿಂದಲೇ ಕಟ್ಟಿದ ಕಾಂಟ್ರಾ. ಡಾನ್ ಆರ್ಮ್‌ಸ್ಟ್ರಾಂಗ್‌ರಂಥ ಕಾಲರ್‌ಗಳು ಇದನ್ನು ಪ್ರೀತಿಯಿಂದ ಹರಡಿದರು. ಒಳ್ಳೆಯ ಸೇತುವೆ ಅದು. ಅಪಾಯ ಒಂದೇ, ಉದ್ದದ ಸ್ವಿಂಗ್ ಅದರಲ್ಲಿ ಕಡಿಮೆ, ಹಾಗಾಗಿ ಹೊರಗಿನ ಕಾಂಟ್ರಾಗೆ ಹೋದ ದಿನ ಮತ್ತೆ ತಲೆಸುತ್ತು.

ಇಡೀ ಗುಂಪು ಹತ್ತಿರದ ಕಾಂಟ್ರಾಗೆ ಹೋಗುವುದು ಇನ್ನೊಂದು ದಾರಿ. ನೀವು ನ್ಯೂ ಹ್ಯಾಂಪ್‌ಶೈರ್‌ನಲ್ಲಿದ್ದೀರಿ, ನೆಲ್ಸನ್ ಎಂಬ ಪುಟ್ಟ ಊರಿನ ಟೌನ್ ಹಾಲ್‌ನ ಸೋಮವಾರದ ಕಾಂಟ್ರಾ ಹೆಸರುವಾಸಿ. ಅಷ್ಟು ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ನೋಡಿ ಕಲಿಯುವುದಕ್ಕಿಂತ, ಸ್ವಿಂಗ್ ಚೆನ್ನಾಗಿ ಬಂದವರ ಕೈಯಲ್ಲಿ ತಿರುಗಿ ಕಲಿಯುವುದು ಬೇಗ. ಆದರೆ ಅಲ್ಲಿ ನಿಮ್ಮವರೆಲ್ಲ ಒಂದೇ ಸಾಲಿನ ಕೊನೆಯಲ್ಲಿ ಗುಂಪುಗೂಡಿ ನಿಂತರೆ ಆ ತುದಿ ಪೂರ್ತಿ ಕುಸಿಯುತ್ತದೆ. ಚದುರಿ ನಿಲ್ಲಿ. ಕಾಂಟ್ರಾದಲ್ಲಿ ಪ್ರತಿ ಡ್ಯಾನ್ಸ್‌ಗೂ ಬೇರೆ ಜೊತೆಗಾರರನ್ನು ಕೇಳುವುದು ರೂಢಿ. ಗಂಡ ಹೆಂಡತಿ ಇಡೀ ಸಂಜೆ ಜೊತೆಗೇ ಆಡಿದರೆ ಯಾರೂ ಬೇಡ ಅನ್ನುವುದಿಲ್ಲ, ಆದರೆ ಕಲಿಯುವುದು ನಿಧಾನ. ಶುರುವಿಗೆ ಮುಂಚೆ ಹೊಸಬರ ಪಾಠ ಇದ್ದರೆ ಹತ್ತು ವರ್ಷದ ಅನುಭವಿಗಳೂ ಅದಕ್ಕೆ ಹೋಗಲಿ.

ನಿಮ್ಮ ಜಾಗದಲ್ಲಿ ನಾನಿದ್ದರೆ, ಕ್ಲಬ್ಬಿನ ಒಂದು ಮಾಮೂಲಿ ಸಂಜೆಯ ಮೊದಲ ಮುಕ್ಕಾಲು ಗಂಟೆಯನ್ನು ಪೂರ್ತಿ ಕಾಂಟ್ರಾಗೆ ಕೊಟ್ಟು, ಅನುಭವವಿರುವ ಒಬ್ಬ ಕಾಂಟ್ರಾ ಕಾಲರ್‌ನೂ, ನಾಲ್ಕೈದು ಜೋಡಿ ಕಾಂಟ್ರಾದವರನ್ನೂ ಅತಿಥಿಗಳಾಗಿ ಕರೆಯುತ್ತಿದ್ದೆ. ಎರಡು ವರಸೆ ಸಾಕು. ಆಮೇಲೆ ಆ ಅತಿಥಿಗಳಿಗೆ ನಿಮ್ಮವರು ಸ್ಕ್ವೇರ್ ಕಲಿಸಲಿ. ಆಗ "ಆಗದವರು" ಯಾರು ಅನ್ನುವ ಮಾತೇ ಬರುವುದಿಲ್ಲ. ಒಂದು ತಿಂಗಳ ಮೇಲೆ, ಇಷ್ಟವಿದ್ದವರು ಮಾತ್ರ ಹೊರಗಿನ ಕಾಂಟ್ರಾಗೆ ಹೋಗಿ. ಐದಾರು ಜೋಡಿಗಿಂತ ಕಡಿಮೆ ಜನ ಇದ್ದ ದಿನ ಕಾಂಟ್ರಾ ಹಾಕಬೇಡಿ. ಸಾಲು ಗಿಡ್ಡವಾದರೆ ತುದಿಯಲ್ಲಿ ಕಾಯುವುದೇ ಜಾಸ್ತಿ. ಕಾಂಟ್ರಾದಿಂದ ಇನ್ನೊಂದು ಲಾಭವೂ ಇದೆ. ಎಂಟರ ಲೆಕ್ಕ ಸಿಗದೆ ಗೋಡೆ ಪಕ್ಕ ಕೂರುವವರು ಸಾಲಿನ ಕೊನೆಗೆ ಬಂದು ಸೇರಿಕೊಳ್ಳಬಹುದು.

ಸಂಗೀತದ ವಿಷಯ. ಅಲ್ಲೇ ನುಡಿಸುವ ಬ್ಯಾಂಡ್ ಇದ್ದರೆ ಆ ಕಳೆಯೇ ಬೇರೆ, ಪಿಟೀಲು ಪಿಯಾನೋ ಇಬ್ಬರಾದರೂ ಸಾಕು. ಆದರೆ ಮೊದಲ ಪ್ರಯೋಗಕ್ಕೆ ರೆಕಾರ್ಡ್ ನಡೆಯುತ್ತದೆ. ಎರಡು ವಿಷಯ ನೋಡಿ. ಟ್ಯೂನ್ ನೆಟ್ಟಗೆ 64 ಬಡಿತದ್ದಾಗಿರಬೇಕು. ಸುಮ್ನೆ ಹಳ್ಳಿ ಪಿಟೀಲಿನ ಯಾವುದೋ ಆಲ್ಬಮ್ ಹಾಕಿದರೆ ಮಧ್ಯೆ ಎರಡು ಬಡಿತ ಹೆಚ್ಚುಕಮ್ಮಿ ಇರುವ ಟ್ಯೂನ್ ಸಿಕ್ಕಿ ಎಲ್ಲ ಕೆಡುತ್ತದೆ. ಮತ್ತೆ ಎ, ಬಿ ಭಾಗಗಳ ವ್ಯತ್ಯಾಸ ಕಿವಿಗೆ ಎದ್ದು ಕಾಣುವಂತಿರಲಿ. ವೇಗ ನಿಮಿಷಕ್ಕೆ 112ರ ಹತ್ತಿರ ಇಡಿ. ನಿಮ್ಮ ಸ್ಕ್ವೇರ್‌ಗಳ ವೇಗಕ್ಕಿಂತ ಅದು ಕಡಿಮೆ ಅನಿಸುತ್ತದೆ, ಆದರೆ ಸ್ವಿಂಗ್ ಬಂದಾಗ ಆ ನಿಧಾನವೇ ಬೇಕಾಗುತ್ತದೆ.

ಉಬ್ಬಿದ ಪೆಟಿಕೋಟುಗಳನ್ನು ಆವತ್ತು ಮನೆಯಲ್ಲೇ ಬಿಟ್ಟು ಬರಲು ಹೇಳಿ, ಹತ್ತಿರ ನಿಂತು ಸ್ವಿಂಗ್ ಮಾಡಲು ಅಡ್ಡ ಬರುತ್ತವೆ. ಶೂನ ತಳ ನುಣುಪಾಗಿರಲಿ. ರಬ್ಬರ್ ತಳ ನೆಲ ಕಚ್ಚಿಕೊಂಡರೆ ತಿರುಗುವಾಗ ಪೆಟ್ಟಾಗುವುದು ಮೊಣಕಾಲಿಗೆ.